ಇಂಜಿನ್ ಮೆಲ್ಲಗೆ ಓಡುವಾಗ



ಇವತ್ತು ದೋಣಿಯ ಇಂಜಿನ್ ಬಗ್ಗೆ ಮಾತಾಡೋಣ. ‘ಅದು ಗಂಡಸರ ಕೆಲಸ, ನಮಗ್ಯಾಕೆ?’ ಅಂತ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ಕೇಳಿಸಿತು. ದೋಣಿ ಕಡಲಿಗೆ ಹೋದ ಮೇಲೆ ದಡದಲ್ಲಿ ಕಾದು ಕೂರುವವರು ಯಾರು? ನಾವೇ ಅಲ್ವಾ? ರಿಪೇರಿ ದುಡ್ಡು ಹೋಗುವುದೂ ನಾವು ಮೀನು ಮಾರಿ ಸೆರಗಿಗೆ ಕಟ್ಟಿದ ಗಂಟಿನಿಂದಲೇ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ಅವಕಾಶ ಉಂಟು. ಇಂಜಿನ್ ಕಟ್ಟಿದ್ದರೆ ಅದು 10 ಅಶ್ವಶಕ್ತಿ ಮೀರಬಾರದು. ಅಂದರೆ ಮಳೆಗಾಲದ ಅಬ್ಬರದಲ್ಲಿ ಅಳಿವೆ ದಾಟುವುದು ನಮ್ಮ ಸಣ್ಣ ದೋಣಿಗಳೇ. ಅಳಿವೆಯಲ್ಲಿ ಹೊಳೆಯ ಸೆಳೆತ ಒಂದು ಕಡೆ, ಕಡಲ ತೆರೆ ಇನ್ನೊಂದು ಕಡೆ. ಅಲ್ಲಿ ವೇಗ ಇಳಿಸಬೇಕು, ತೆರೆ ನೋಡಬೇಕು, ಮತ್ತೆ ವೇಗ ಏರಿಸಬೇಕು. ಇಳಿಸಿದ ಕೂಡಲೇ ಇಂಜಿನ್ ಸತ್ತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚಲು ಒಂದು ತೆರೆ ಸಾಕು.

ಹಿಡಿಕೆಯನ್ನು ಪೂರ್ತಿ ಇಳಿಸಿದರೂ ಇಂಜಿನ್ ಸಾಯಬಾರದು. ಮೆಲ್ಲಗೆ ಓಡ್ತಾ ಇರಬೇಕು. ಇದಕ್ಕೆ ‘ಐಡಲ್’ ಅಂತಾರೆ. ಕೆಲವರು ‘ಸ್ಲೋ’ ಅಂತಾರೆ. ಇದನ್ನು ಹೆಚ್ಚು ಕಡಿಮೆ ಮಾಡಲು ಕಾರ್ಬರೇಟರ್ ಹತ್ತಿರ ಒಂದು ಸಣ್ಣ ಸ್ಕ್ರೂ ಉಂಟು.

ನಮ್ಮ ಮನೆಯ ಇಂಜಿನ್ ಒಮ್ಮೆ ಹೀಗೇ ಸಾಯ್ತಾ ಇತ್ತು. ಸ್ಕ್ರೂ ಬಿಗಿ ಮಾಡಿ ವೇಗ ಏರಿಸಿಬಿಟ್ಟೆವು. ಸಾಯುವುದು ನಿಂತಿತು. ಆದರೆ ಗೇರ್ ಹಾಕುವಾಗೆಲ್ಲ ‘ಕಟಕ್’ ಅಂತ ಸದ್ದು. ವೇಗ ಜಾಸ್ತಿ ಇರುವಾಗ ಗೇರ್ ಹಾಕಿದರೆ ಅದರ ಹಲ್ಲು ಸವೆಯುತ್ತದೆ. ಕೊನೆಗೆ ಗೇರ್ ಬಿಚ್ಚಿಸಿ ರಿಪೇರಿ ಮಾಡಿಸಬೇಕಾಯಿತು. ಆಮೇಲೆ ಗೊತ್ತಾಯಿತು, ತಪ್ಪು ಸ್ಕ್ರೂವಿನದ್ದಲ್ಲ. ಸೀಮೆಎಣ್ಣೆಗೆ ನೀರು ಸೇರಿತ್ತು. ಪ್ಲಗ್ ಕರಿ ಹಿಡಿದಿತ್ತು. ಎಣ್ಣೆ ಸೋಸದೆ ಹಾಕಿದ್ದು ನಾವೇ!

ಅದಕ್ಕೇ ಹೇಳುವುದು, ಮೊದಲು ಪ್ಲಗ್ ನೋಡಿ, ಎಣ್ಣೆ ನೋಡಿ. ಅದೆಲ್ಲ ಸರಿ ಇದ್ದೂ ಇಂಜಿನ್ ಸತ್ತರೆ ಮಾತ್ರ ಸ್ಕ್ರೂ ಮುಟ್ಟಿ.

ದೋಣಿಯನ್ನು ಹೊಳೆಯ ನಿಂತ ನೀರಿನಲ್ಲಿ ಗಟ್ಟಿಯಾಗಿ ಕಟ್ಟಿ. ಫ್ಯಾನ್ ಹತ್ತಿರ ಯಾರೂ ಈಜಬಾರದು. ಇಂಜಿನ್ನಿನ ಕೆಳಭಾಗ ನೀರಿನಲ್ಲಿ ಮುಳುಗಿರಬೇಕು. ಅಂಗಳದಲ್ಲಿ ಇಟ್ಟು ಹಾಗೇ ಓಡಿಸಬೇಡಿ. ಇಂಜಿನ್ ತಣ್ಣಗಾಗುವುದು ಆ ನೀರಿನಿಂದಲೇ. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ.

ಸೀಮೆಎಣ್ಣೆ ಇಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೋಗುತ್ತದಲ್ಲ? ಹಾಗೆ ಬಿಸಿಯಾಗಲು ಬಿಡಿ. ತಣ್ಣಗಿನ ಇಂಜಿನ್‌ಗೆ ಸ್ಕ್ರೂ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಮೇಲಿನ ಮುಚ್ಚಳ ತೆಗೆದರೆ ಒಳಗೆ ಚಕ್ರ ತಿರುಗ್ತಾ ಇರುತ್ತದೆ. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಮೇಲೆ ಕಟ್ಟಿ. ಬೀಡಿ ಸೇದುವವರನ್ನು ದೂರ ಕಳಿಸಿ, ಅವರು ಯಾರೇ ಇರಲಿ.

ಈಗ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಹೆಚ್ಚಿನ ಇಂಜಿನ್‌ಗಳಲ್ಲಿ ಬಲಕ್ಕೆ ತಿರುಗಿಸಿದರೆ ವೇಗ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸ್ವಲ್ಪ ಹೊತ್ತು ತಡೆದು ಸದ್ದು ಕೇಳಿ. ಆಮೇಲೆ ಮುಂದಿನ ಗೇರ್ ಹಾಕಿ ನೋಡಿ. ಸದ್ದು ಒಂಚೂರು ತಗ್ಗುತ್ತದೆ, ಅದು ಸರಿಯೇ. ಸತ್ತರೆ ಇನ್ನೊಂದು ಚೂರು ಬಲಕ್ಕೆ. ಗೇರ್ ಹಾಕುವಾಗ ದೋಣಿ ಜಗ್ಗಿದರೆ ಒಂದು ಚೂರು ಎಡಕ್ಕೆ.

ಪಕ್ಕದಲ್ಲಿ ಗಾಳಿಯ ಸ್ಕ್ರೂ ಅಂತ ಇನ್ನೊಂದು ಇರಬಹುದು. ಅದರ ತುದಿ ಸೂಜಿಯ ಹಾಗೆ. ಜೋರಾಗಿ ಬಿಗಿದರೆ ತುದಿಯೂ ಹಾಳು, ತೂತೂ ಹಾಳು. ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಇಂಜಿನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ ಇರಬಹುದು. ಆದರೆ ಅಂಕಿ ಓದಲು ನಮಗೆ ಬರುತ್ತದಲ್ಲ! ನಿಮಿಷಕ್ಕೆ ಎಷ್ಟು ಸುತ್ತು ಅಂತ ಅದರಲ್ಲಿ ಬರೆದಿರುತ್ತದೆ. ಸಣ್ಣ ಇಂಜಿನ್‌ಗೆ ಅದು 1000ದ ಆಸುಪಾಸು. ಅಳತೆ ಹಿಡಿಯುವ ಮೀಟರ್ ಮೆಕ್ಯಾನಿಕ್ ಹತ್ತಿರ ಉಂಟು. ಆ ಅಂಕಿ ತೋರಿಸಿ, ‘ಇಷ್ಟಕ್ಕೇ ಇಡಿ ಅಣ್ಣ’ ಅಂತ ಹೇಳಿ.

ಸ್ಕ್ರೂ ಮುಟ್ಟಿದ ದಿನ ನೋಟ್ ಪುಸ್ತಕದಲ್ಲಿ ಬರೆದಿಡಿ. ಕೆಟ್ಟರೆ ಮೊದಲಿನ ಜಾಗಕ್ಕೇ ತರಬಹುದು. ನಾವು ಹೀಗೆ ಬರೆದಿದ್ದೇವೆ: ‘ಪ್ಲಗ್ ಹೊಸದು. ಸ್ಕ್ರೂ ಬಲಕ್ಕೆ ಕಾಲು ಸುತ್ತು. ಗೇರ್ ಹಾಕಿದರೂ ಇಂಜಿನ್ ಸಾಯಲಿಲ್ಲ.’