ಹಾಸಿಗೆ ಹಿಡಿದವರ ಚರ್ಮದ ಕಾಳಜಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದೊಡನೆ ನೆನಪಾಗುವುದು ಬಂಡೆ, ಬಿಸಿಲು, ನೀರಿನ ಬರ. ಇಂಥ ಒಣ ಸೀಮೆಯವರೊಡನೆ ಒದ್ದೆಯಿಂದಾಗುವ ಹಾನಿಯ ಮಾತಾಡುವುದು ವಿಚಿತ್ರವೆನಿಸೀತು. ಆದರೆ ಲಕ್ವ ಹೊಡೆದು ಮಲಗಿದ ಅಜ್ಜಿಯ ಹಾಸಿಗೆ ನೆನೆಯಲು ಮಳೆ ಬೇಕಿಲ್ಲ. ಬೆವರು, ಮೂತ್ರ ಸಾಕು. ದೊಡ್ಡವರು ಹೊಲಕ್ಕೆ ಹೋದ ಮೇಲೆ ಅಜ್ಜಿಯ ಬಳಿ ಉಳಿಯುವವರು ಎಷ್ಟೋ ಮನೆಗಳಲ್ಲಿ ನೀವೇ. ಆದ್ದರಿಂದ ಈ ಮಾತು ನಿಮಗೆ.

ಚರ್ಮದ ಹೊರಪದರ ಕೂದಲೆಳೆಗಿಂತಲೂ ತೆಳುವಾದದ್ದು. ಸತ್ತ ಜೀವಕೋಶಗಳು ಇಟ್ಟಿಗೆಯಂತೆ, ಅವುಗಳ ನಡುವೆ ಜಿಡ್ಡು ಗಾರೆಯಂತೆ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಅಂದರೆ ತುಸು ಆಮ್ಲೀಯ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡಿದಾಗ ಈ ಆಮ್ಲೀಯತೆ ಕೆಡುತ್ತದೆ. ಮಲವೂ ತಾಗಿದರೆ ಅದರ ಕಿಣ್ವಗಳು ಚರ್ಮವನ್ನೇ ಕೊರೆಯತೊಡಗುತ್ತವೆ. ಬಟ್ಟೆ ಸೋಪಿನಿಂದ ಗಸಗಸ ತಿಕ್ಕಿದರೆ ಗಾರೆಯೂ ತೊಳೆದುಹೋಯಿತು!

ಒದ್ದೆಯಾದ ಕೂಡಲೇ ಬಟ್ಟೆ ಬದಲಿಸಿ. ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ತೊಳೆದು, ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ವ್ಯಾಸಲಿನ್ ಇಲ್ಲವೇ ಸತುವಿನ ಮುಲಾಮನ್ನು ತೆಳುವಾಗಿ ಸವರಿ. ಪ್ಲಾಸ್ಟಿಕ್ ಹಾಳೆ ನೇರವಾಗಿ ಮೈಗೆ ತಾಗಬಾರದು. ಮೇಲೊಂದು ಹತ್ತಿ ಬಟ್ಟೆ ಇರಲಿ. ಒಂದು ಕಾಲಕ್ಕೆ ಆಸ್ಪತ್ರೆಗಳಲ್ಲೇ ಬೆನ್ನಿಗೆ ಸ್ಪಿರಿಟ್ ತಿಕ್ಕಿ ಪೌಡರ್ ಸುರಿಯುತ್ತಿದ್ದರು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಪೌಡರ್ ಉಂಡೆಕಟ್ಟಿ ಉಜ್ಜುತ್ತದೆ. ಅವೆರಡೂ ಬೇಡ.

ಇನ್ನು ಪ್ಲಾಸ್ಟರ್. ಗ್ಲೂಕೋಸ್ ಸೂಜಿಗೋ ಗಾಯದ ಬಟ್ಟೆಗೋ ಅಂಟಿಸಿದ ಪಟ್ಟಿಯನ್ನು ‘ಒಂದೇ ಏಟಿಗೆ ಕಿತ್ತರೆ ನೋವಿಲ್ಲ’ ಎಂಬ ಮಾತುಂಟು. ಹದಿನಾರರ ಹುಡುಗನಿಗೆ ಅದು ನಡೆದೀತು. ವಯಸ್ಸಾದವರಲ್ಲಿ ಮೇಲ್ಚರ್ಮಕ್ಕೂ ಒಳಚರ್ಮಕ್ಕೂ ಇರುವ ಹಿಡಿತ ಸಡಿಲವಾಗಿರುತ್ತದೆ. ಪಟ್ಟಿಯ ಜೊತೆಗೆ ಚರ್ಮವೇ ಸುಲಿದು ಬರುತ್ತದೆ. ಅಂಚಿಗೆ ನೀರನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿ, ಗಾಯಕ್ಕೆ ತಾಗದಂತೆ ನೋಡಿಕೊಂಡು, ಸ್ವಲ್ಪ ಕಾಯಿರಿ. ಒಂದು ಕೈ ಚರ್ಮವನ್ನು ಒತ್ತಿ ಹಿಡಿದಿರಲಿ. ಇನ್ನೊಂದು ಕೈ ಪಟ್ಟಿಯನ್ನು ಮೇಲಕ್ಕೆತ್ತದೆ, ಅದರ ಮೇಲೆಯೇ ಮಡಚಿ, ಕೂದಲು ಬೆಳೆದ ದಿಕ್ಕಿಗೆ ನಿಧಾನವಾಗಿ ಬಿಡಿಸಲಿ. ಅಂಟಿಸುವಾಗಲೂ ಎಳೆದು ಬಿಗಿಯಬಾರದು. ಎಳೆದ ಪಟ್ಟಿ ಕುಗ್ಗುವಾಗ ಅಂಚಿನಲ್ಲಿ ಬೊಕ್ಕೆ ಏಳುತ್ತದೆ.

ಹಾಗೆಂದು ನೀರು ಎಲ್ಲ ಚರ್ಮಕ್ಕೂ ವೈರಿಯಲ್ಲ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮವು ಕುಷ್ಠರೋಗಿಗಳ ಸೇವೆಗೆ ಹೆಸರಾದದ್ದು ನಿಮಗೆ ಗೊತ್ತಿರಬಹುದು. ಆ ರೋಗದಲ್ಲಿ ನರ ಕೆಟ್ಟರೆ ಪಾದಕ್ಕೆ ಸ್ಪರ್ಶವೂ ಇಲ್ಲ, ಬೆವರೂ ಇಲ್ಲ; ಚರ್ಮ ಒಣಗಿ ಬಿರಿಯುತ್ತದೆ. ಅಂಥ ಪಾದವನ್ನು ದಿನವೂ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ, ಒದ್ದೆ ಆರುವ ಮೊದಲೇ ಎಣ್ಣೆ ಹಚ್ಚಬೇಕು. ಬಿಸಿನೀರು ಮಾತ್ರ ಕೂಡದು, ಸುಟ್ಟರೂ ತಿಳಿಯದು. ಅಲ್ಲಿ ನೀರು ಔಷಧ, ಅಜ್ಜಿಯ ಹಾಸಿಗೆಯಲ್ಲಿ ಅದೇ ಉಪದ್ರವ.

ಸೊಂಟದ ಹಿಂಭಾಗ, ಹಿಮ್ಮಡಿ ಮುಂತಾಗಿ ಮೂಳೆ ಉಬ್ಬಿದ ಕಡೆಗಳನ್ನು ದಿನವೂ ನೋಡಿ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಬೇಗ ಕಾಣದು. ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ಹಾಗಿದ್ದರೆ ಅದು ಒತ್ತಡದ ಹುಣ್ಣಿನ ಮೊದಲ ಗುರುತು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಆ ಜಾಗದ ಮೇಲೆ ಮಲಗಿಸಬೇಡಿ, ಆರೋಗ್ಯ ಕೇಂದ್ರದವರಿಗೆ ತಿಳಿಸಿ. ಚರ್ಮ ಒಡೆದು ಕೀವು ಬಂದರೆ, ಜ್ವರ ಕಾಣಿಸಿದರೆ, ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.