ನಗರದ ಅಪರಿಚಿತರು ಮತ್ತು ನಮ್ಮ ಅಮಾನತ್

(ಜಮಾಅತ್ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದುಡಿಮೆಗಾಗಿ ಬೆಂಗಳೂರಿಗೋ ಮುಂಬೈಗೋ ಹೊರಟು ನಿಂತ ಮಗನಿಗೆ ನಮ್ಮ ತಾಯಂದಿರು ಎರಡು ಮಾತು ಹೇಳುತ್ತಾರೆ. ಒಂದು, ಗುರುತಿಲ್ಲದವರನ್ನು ನಂಬಬೇಡ. ಇನ್ನೊಂದು, ನಮ್ಮವರು ಎಲ್ಲಿದ್ದಾರೆಂದು ವಿಚಾರಿಸಿ ಅಲ್ಲೇ ಉಳಿದುಕೋ. ತಾಯಿಯ ಕಾಳಜಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಈ ಎರಡು ಮಾತುಗಳು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಂದು ಪರಿಶೀಲಿಸಬೇಕಾಗಿದೆ.

2013ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯು ಜಗತ್ತಿನ 16 ನಗರಗಳಲ್ಲಿ ಒಂದು ಪರೀಕ್ಷೆ ನಡೆಸಿತು. ಪ್ರತಿ ನಗರದಲ್ಲೂ 12 ಪರ್ಸ್‌ಗಳನ್ನು ಬೇಕೆಂದೇ ಬೀಳಿಸಲಾಯಿತು. ಅವುಗಳಲ್ಲಿ ಸುಮಾರು 50 ಡಾಲರ್ ಮೌಲ್ಯದ ಸ್ಥಳೀಯ ಹಣ, ಕುಟುಂಬದ ಭಾವಚಿತ್ರ ಮತ್ತು ದೂರವಾಣಿ ಸಂಖ್ಯೆ ಇದ್ದವು. ಹೆಲ್ಸಿಂಕಿಯಲ್ಲಿ 11 ಪರ್ಸ್‌ಗಳು ಮರಳಿದವು. ಎರಡನೆಯ ಸ್ಥಾನ ಯಾವ ನಗರಕ್ಕೆಂದು ಬಲ್ಲಿರಾ? ಮುಂಬೈಗೆ! ಅಲ್ಲಿ 12ರಲ್ಲಿ 9 ಮರಳಿದವು. ಬ್ಯಾಂಕುಗಳ ನಗರವೆಂದು ಹೆಸರಾದ ಝೂರಿಚ್‌ನಲ್ಲಿ ಮರಳಿದ್ದು ಕೇವಲ ನಾಲ್ಕು. ಲಿಸ್ಬನ್‌ನಲ್ಲಿ ಮರಳಿದ್ದು ಒಂದೇ ಒಂದು. ಅದನ್ನು ಮರಳಿಸಿದವರೂ ಆ ಊರಿನವರಲ್ಲ, ನೆದರ್‌ಲ್ಯಾಂಡ್ಸ್‌ನಿಂದ ಬಂದಿದ್ದ ದಂಪತಿ.

ಹನ್ನೆರಡು ಪರ್ಸ್‌ಗಳಿಂದ ಒಂದು ನಗರದ ಚಾರಿತ್ರ್ಯವನ್ನು ಅಳೆಯಲಾಗದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಷ್ಟು ಚಿಕ್ಕದಲ್ಲ. 40 ದೇಶಗಳ 355 ನಗರಗಳಲ್ಲಿ 17 ಸಾವಿರಕ್ಕೂ ಹೆಚ್ಚು ಪರ್ಸ್‌ಗಳನ್ನು ಹೋಟೆಲ್, ಬ್ಯಾಂಕ್, ಅಂಚೆ ಕಚೇರಿ ಮುಂತಾದೆಡೆ ಸಿಬ್ಬಂದಿಯ ಕೈಗೆ, ದಾರಿಯಲ್ಲಿ ಸಿಕ್ಕಿತೆಂದು ಹೇಳಿ ಕೊಡಲಾಯಿತು. ಕೆಲವದರಲ್ಲಿ ಹಣವಿತ್ತು, ಕೆಲವದರಲ್ಲಿ ಇರಲಿಲ್ಲ. ಹಣವಿಲ್ಲದ್ದನ್ನು ಮರಳಿಸಲು ಯತ್ನಿಸಿದವರು ಶೇ. 40ರಷ್ಟು, ಹಣವಿದ್ದುದನ್ನು ಮರಳಿಸಲು ಯತ್ನಿಸಿದವರು ಶೇ. 51ರಷ್ಟು. ಹಣ ಹೆಚ್ಚಿಸಿದಾಗ ಪ್ರಾಮಾಣಿಕತೆಯೂ ಹೆಚ್ಚಿತು. ಫಲಿತಾಂಶ ಹೀಗಾದೀತೆಂದು ಅರ್ಥಶಾಸ್ತ್ರಜ್ಞರೂ ಊಹಿಸಿರಲಿಲ್ಲ. ತನ್ನನ್ನು ತಾನೇ ಕಳ್ಳನೆಂದು ಕಾಣಲು ಮನುಷ್ಯ ಹಿಂಜರಿಯುತ್ತಾನೆ ಎಂಬುದು ಸಂಶೋಧಕರ ವಿವರಣೆ. ಇದನ್ನು ನಾವು ಫಿತ್‌ರತ್ ಎನ್ನುತ್ತೇವೆ. ಅಲ್ಲಾಹನು ಮನುಷ್ಯನ ಪ್ರಕೃತಿಯಲ್ಲೇ ಇರಿಸಿದ ಆ ಒಳಿತು ಯಾವುದೇ ಸಮುದಾಯದ ಖಾಸಗಿ ಆಸ್ತಿಯಲ್ಲ.

ಇನ್ನು ತಾಯಿಯ ಎರಡನೆಯ ಮಾತಿಗೆ ಬರೋಣ. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ನಡೆದುದನ್ನು ನಾವು ಮರೆಯಬಾರದು. ಐಎಂಎ ಸಂಸ್ಥೆಯ ಮುಖ್ಯಸ್ಥ ದುಬೈಗೆ ಪರಾರಿಯಾದ ಸುದ್ದಿ ಹರಡಿದಾಗ, ದೂರಿನ ಅರ್ಜಿ ಹಿಡಿದು ಸಾಲುಗಟ್ಟಿದವರು ಸಾವಿರಾರು ಮಂದಿ. ಬುರ್ಖಾ ತೊಟ್ಟ ತಾಯಂದಿರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟ ಹಣ ಕಳಕೊಂಡ ತಂದೆಯರು ಆ ಸಾಲಿನಲ್ಲಿದ್ದರು. ಇವರೆಲ್ಲ ಹಣ ಕೊಟ್ಟದ್ದು ಅಪರಿಚಿತನಿಗಲ್ಲ, 'ನಮ್ಮವ'ನಿಗೆ. ಬಡ್ಡಿಯಲ್ಲ, ಹಲಾಲ್ ಲಾಭ ಎಂಬ ಮಾತಿಗೆ ಕೊಟ್ಟರು. ಬಡ್ಡಿಯಿಂದ ದೂರವಿರಬೇಕೆಂಬ ಅವರ ಈಮಾನನ್ನೇ ಬಂಡವಾಳ ಮಾಡಿಕೊಳ್ಳಲಾಯಿತು. ಲೆಕ್ಕಪತ್ರ ಕೇಳಬೇಕಾದ ಕಡೆ ನಾವು ಗಡ್ಡ, ಟೋಪಿ, ಸಲಾಮುಗಳನ್ನು ನೋಡಿ ತೃಪ್ತರಾದೆವು.

ಪ್ರವಾದಿವರ್ಯರ(ಸ) ಹಿಜ್‌ರಾ ಯಾತ್ರೆಯನ್ನು ನೆನಪಿಸಿಕೊಳ್ಳಿ. ಅವರನ್ನು ಹಿಡಿದುಕೊಟ್ಟವರಿಗೆ ನೂರು ಒಂಟೆಗಳ ಬಹುಮಾನವನ್ನು ಕುರೈಶರು ಘೋಷಿಸಿದ್ದರು. ಅಂತಹ ಸಂದರ್ಭದಲ್ಲಿ ದಾರಿ ತೋರಲು ಅವರು ಆರಿಸಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬ ವ್ಯಕ್ತಿಯನ್ನು. ಆತ ಇನ್ನೂ ಕುರೈಶರ ಧರ್ಮದಲ್ಲೇ ಇದ್ದವನು. ಎರಡು ಒಂಟೆಗಳನ್ನು ಅವನ ವಶಕ್ಕೆ ಕೊಟ್ಟು, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿ ಬರಲು ಹೇಳಲಾಯಿತು. ಆತ ಹೇಳಿದ ಹೊತ್ತಿಗೆ ಬಂದ. ಅತ್ತ ಮಕ್ಕಾದಲ್ಲಿ, ತಮ್ಮನ್ನು ಕೊಲ್ಲಲು ಹೊಂಚು ಹಾಕಿದ್ದ ಜನರ ಅಮಾನತುಗಳನ್ನು ಮರಳಿಸಲು ಪ್ರವಾದಿವರ್ಯರು(ಸ) ಹಝ್ರತ್ ಅಲಿ(ರ)ಯವರನ್ನು ಬಿಟ್ಟು ಬಂದಿದ್ದರು.

ಆಲು ಇಮ್ರಾನ್ ಅಧ್ಯಾಯದ 75ನೆಯ ಸೂಕ್ತವನ್ನು ಮನೆಗೆ ಹೋಗಿ ಓದಿರಿ. ಗ್ರಂಥದವರಲ್ಲಿ ರಾಶಿ ಸಂಪತ್ತನ್ನು ಒಪ್ಪಿಸಿದರೂ ಮರಳಿಸುವವರಿದ್ದಾರೆ ಎಂದು ಅದು ಮುಕ್ತವಾಗಿ ಶ್ಲಾಘಿಸುತ್ತದೆ. ಒಂದು ದೀನಾರನ್ನೂ ಮರಳಿಸದವರ ಬಗ್ಗೆಯೂ ಹೇಳುತ್ತದೆ. ಅವರ ಸಮರ್ಥನೆ ಏನಾಗಿತ್ತು? ಹೊರಗಿನವರ ವಿಷಯದಲ್ಲಿ ತಮ್ಮ ಮೇಲೆ ಯಾವ ಹೊಣೆಯೂ ಇಲ್ಲ ಎಂಬುದು. ಈ ರೋಗ ನಮ್ಮ ಪೇಟೆಗಳಲ್ಲಿ ಇಲ್ಲವೇ? ಸಹೋದರ ಧರ್ಮೀಯ ಗಿರಾಕಿಗೆ ಕೊಳೆತ ಹಣ್ಣನ್ನು ಅಡಿಗೆ ಹಾಕಿ ತೂಗುವವನು, ಊರಿಗೆ ಹೊಸಬನೆಂದು ತಿಳಿದು ದುಪ್ಪಟ್ಟು ಬಾಡಿಗೆ ಕೇಳುವವನು ನಮಾಝಿನ ಮೊದಲ ಸಾಲಿನಲ್ಲೂ ಸಿಗುತ್ತಾನೆ.

ಇಲ್ಲಿ ಒಂದು ರಾಜಕೀಯದ ಮಾತನ್ನೂ ಹೇಳಬೇಕು. ಪ್ರಯಾಣಿಕರು ಬಿಟ್ಟುಹೋದ ಚಿನ್ನವನ್ನು ಮುಸ್ಲಿಮ್ ಆಟೋ ಚಾಲಕ ಮರಳಿಸಿದರೆ ಅದು 'ಸೌಹಾರ್ದ'ದ ಸುದ್ದಿಯಾಗುತ್ತದೆ. ಹೊಗಳುವವರ ಉದ್ದೇಶ ಒಳ್ಳೆಯದೇ. ಆದರೆ ಅಪರಾಧ ನಡೆದಾಗ ಹೆಸರಿನಿಂದ ಧರ್ಮ ಹುಡುಕುವ ಮಾಧ್ಯಮವು ಒಳಿತಿನಲ್ಲೂ ಧರ್ಮ ಹುಡುಕಿ ಆಶ್ಚರ್ಯಪಡುವುದು ಗೌರವವಲ್ಲ. ಹೆಸರು ಕೇಳಿದೊಡನೆ ಬಾಡಿಗೆ ಮನೆ ಇಲ್ಲವಾಗುವ ಅನುಭವವನ್ನು 2006ರ ಸಾಚಾರ್ ವರದಿಯೂ ದಾಖಲಿಸಿದೆ. ಆ ಅನ್ಯಾಯದ ವಿರುದ್ಧ ಕಾನೂನಿನ ಹಾದಿಯಲ್ಲಿ ಹೋರಾಡಲೇಬೇಕು. ಪ್ರಾಮಾಣಿಕತೆಯನ್ನು ನಾವು ಯಾರಿಗೋ ತೋರಿಸುವ ಪ್ರಮಾಣಪತ್ರವಾಗಿ ಮಾಡಿಕೊಳ್ಳಬೇಕಾಗಿಲ್ಲ. ಅದಕ್ಕೆ ಸಾಕ್ಷಿಯಾಗಿ ಅಲ್ಲಾಹನಿದ್ದಾನೆ.

ಕೊನೆಯದಾಗಿ ಜಮಾಅತ್ ಸಮಿತಿಯ ಮುಂದೆ ಒಂದು ಸಣ್ಣ ಸಲಹೆ. ಬಿದ್ದು ಸಿಕ್ಕಿದ ವಸ್ತುವಿನ ಬಗ್ಗೆ ಕೇಳಲಾದಾಗ, ಅದರ ಚೀಲ ಮತ್ತು ಕಟ್ಟಿದ ದಾರವನ್ನು ಗುರುತಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದರು. ನಮ್ಮ ಮಸೀದಿಯ ಗೇಟಿನ ಹೊರಗೆ ಇದಕ್ಕಾಗಿ ಒಂದು ಫಲಕವಿರಲಿ. ಕಳೆದುಹೋದ ವಸ್ತುವನ್ನು ಮಸೀದಿಯೊಳಗೆ ಕೂಗಿ ಕೇಳುವುದಕ್ಕೆ ಹದೀಸ್‌ನಲ್ಲಿ ವಿರೋಧವಿದೆ. ಆದ್ದರಿಂದ ಹೊರಗೆ, ರಸ್ತೆಗೆ ಕಾಣುವಂತೆ, ಕನ್ನಡದಲ್ಲಿ ಬರೆದಿರಲಿ. ಪರ್ಸ್ ಸಿಕ್ಕಿದೆ ಎಂದಷ್ಟೇ ಬರೆಯಿರಿ. ಬಣ್ಣವನ್ನೂ ಹಣದ ಮೊತ್ತವನ್ನೂ ಬರೆಯಬೇಡಿ. ಅದನ್ನು ಕೇಳಿಕೊಂಡು ಬಂದವರೇ ಹೇಳಲಿ. ಹೇಳಿದ್ದು ಹೊಂದಿಕೆಯಾದರೆ, ಯಾವ ಧರ್ಮದವರಾಗಿದ್ದರೂ, ಸಹಿ ಪಡೆದು ಕೊಟ್ಟುಬಿಡಿ.