ಕಾದ ಬ್ರೇಕು ಕೈಕೊಡುತ್ತದೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮವರ ಮಕ್ಕಳು ಕೆಲವರು ಅಂಬತ್ತೂರಿನ ಷೆಡ್ಡುಗಳಲ್ಲಿ ಕೆಲಸಕ್ಕಿದ್ದಾರೆ. ರಜೆಯ ದಿನಗಳಲ್ಲಿ ಸೇರಿ, ಕೆಸರು ನೆಲದಲ್ಲಿ ಮೂಟೆ ಸಾಗಿಸಲು ಚೈನು ಗಾಡಿಯೊಂದನ್ನು ಕಟ್ಟುತ್ತಿದ್ದಾರೆ. ಪುದುಪೇಟೆಯ ಗುಜರಿ ಅಂಗಡಿಯಿಂದ ಹಳೆಯ ಕಾರಿನ ಹಿಂದಿನ ಆಕ್ಸಲ್ಲನ್ನು ಡಿಫರೆನ್ಷಿಯಲ್ ಸಮೇತ ತಂದಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಗಾಡಿ ಮುಂದಿನ ತಿಂಗಳೇ ಬೇಕೆಂದು ಮಂಡಿಯ ಮಾಲೀಕರೊಬ್ಬರು ಅವಸರ ಮಾಡುತ್ತಿದ್ದಾರೆ. ಅದಕ್ಕಾಗಿಯೇ ಈ ಮಾತು. ನಾವು ಓದಿದ್ದು ಮಿಡ್ಲ್ ಸ್ಕೂಲು. ಆದರೂ ಒಲೆಯ ಮುಂದೆ ದುಡಿದವರಿಗೆ ಶಾಖದ ಗುಣ ಗೊತ್ತು. ಉಳಿದುದನ್ನು ಬಲ್ಲವರಿಂದ ಕೇಳಿ ತಿಳಿದಿದ್ದೇವೆ.

ಚೈನು ಗಾಡಿಗೆ ಕಾರಿನಂತೆ ಹೊರಳುವ ಮುಂಚಕ್ರಗಳಿಲ್ಲ. ಎಡಕ್ಕೆ ಹೋಗಬೇಕಾದರೆ ಎಡಗಡೆಯ ಚೈನನ್ನು ಬ್ರೇಕಿನಿಂದ ತಡೆಯಬೇಕು; ಬಲಗಡೆಯದು ಓಡಿ ಗಾಡಿಯನ್ನು ತಿರುಗಿಸುತ್ತದೆ. ಕಾರಿನ ಬ್ರೇಕಿಗೆ ನಡುನಡುವೆ ಬಿಡುವುಂಟು. ಇಲ್ಲಿ ಪ್ರತಿಯೊಂದು ತಿರುವಿಗೂ ಬ್ರೇಕೇ ದುಡಿಯಬೇಕು.

ಬ್ರೇಕು ಕಾಯುವುದು ಉಜ್ಜಾಟದಿಂದ. ಡ್ರಮ್ಮು ಪೂರಾ ನಿಂತರೆ ಉಜ್ಜಾಟವಿಲ್ಲ, ಶಾಖವೂ ಹುಟ್ಟದು. ಅರ್ಧ ಒತ್ತಿ ಹಿಡಿದರೆ ಎಂಜಿನಿನ ಶಕ್ತಿಯ ಒಂದು ಪಾಲು ಅಲ್ಲಿಯೇ ಶಾಖವಾಗಿ ಹೋಗುತ್ತದೆ. ಅತಿಯಾಗಿ ಕಾದ ಲೈನಿಂಗಿಗೆ ಹಿಡಿತ ತಪ್ಪುತ್ತದೆ. ಡ್ರಮ್ಮು ಹಿಗ್ಗುತ್ತದೆ. ಬ್ರೇಕಿನ ಎಣ್ಣೆ ಕುದಿದರೆ ಪೆಡಲು ತಳಕ್ಕೆ ಹೋಗುತ್ತದೆ. ಆಗ ಗಾಡಿ ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆ ಹೊತ್ತಿಗೆ ಅದರ ಪಕ್ಕದಲ್ಲಿ ನಡೆಯುತ್ತಿರುವವನು ಮೂಟೆ ಹೊರುವ ಕೂಲಿಯವನೇ ಅಲ್ಲವೆ?

ಎಂಜಿನಿನದು ಇನ್ನೊಂದು ಕಷ್ಟ. ಚೈನುಗಳು ತಿರುಗುವಾಗ ನೆಲವನ್ನು ಅಡ್ಡಲಾಗಿ ಕೆರೆಯುವುದರಿಂದ ಎಳೆತ ಹೆಚ್ಚು. ಗಾಡಿಯ ಓಟ ನಿಧಾನವಾದ್ದರಿಂದ ರೇಡಿಯೇಟರಿಗೆ ಬೀಸುವ ಗಾಳಿ ಸಾಲದು. ಕೆಸರು ಮೆತ್ತಿದರೆ ಇದ್ದ ಗಾಳಿಯೂ ಹೋಯಿತು. ಚೆನ್ನೈಯ ಬಿಸಿಲನ್ನಂತೂ ಹೇಳಬೇಕಾದ್ದಿಲ್ಲ. ದೊಡ್ಡ ಫ್ಯಾನು ಬೇಕು, ಅದರ ಸುತ್ತ ಗಾಳಿ ಸೋರದಂತೆ ತಗಡಿನ ಕವಚ ಬೇಕು, ದಿನವೂ ರೇಡಿಯೇಟರು ತೊಳೆಯಬೇಕು.

ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಮ್ಮ ಪಕ್ಕದ ಆವಡಿಯ ಭಾರೀ ವಾಹನಗಳ ಕಾರ್ಖಾನೆಯಿಂದ 1965ರಲ್ಲಿ ಮೊದಲ ವಿಜಯಂತ ಟ್ಯಾಂಕು ಹೊರಬಂತು. ಆಮೇಲೆ ಅರ್ಜುನ್ ಟ್ಯಾಂಕಿಗೆ 1974ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಮರುಭೂಮಿಯ ಪರೀಕ್ಷೆಗಳಲ್ಲಿ ಎಂಜಿನು ಕಾಯುವುದೇ ದೊಡ್ಡ ತೊಡಕಾಯಿತು. ಕಾರ್ಖಾನೆಯಲ್ಲಿ ತಯಾರಾದ ಮೊದಲ ಗಾಡಿಗಳು ಸೇನೆಯ ಕೈ ಸೇರಿದ್ದು 2004ರಲ್ಲಿ. ಅಷ್ಟು ದೊಡ್ಡ ಎಂಜಿನಿಯರುಗಳೇ ಶಾಖದ ಮುಂದೆ ಅವಸರ ಮಾಡಲಾಗಲಿಲ್ಲ. ನಮ್ಮ ಹುಡುಗರು ಒಂದು ತಿಂಗಳಲ್ಲಿ ಮುಗಿಸಬೇಕೆನ್ನುವುದು ಯಾವ ನ್ಯಾಯ?

ಹುಡುಗರೆ, ಈಗ ನಿಮಗೆ ನಾಲ್ಕು ಮಾತು. ಬ್ರೇಕನ್ನು ಅರೆಬರೆ ಒತ್ತಿಕೊಂಡು ಓಡಿಸಬೇಡಿ. ವೇಗ ಇಳಿಸಿ, ಬಿಗಿಯಾಗಿ ಒತ್ತಿ, ತಿರುಗಿಸಿ, ಬಿಟ್ಟುಬಿಡಿ. ನಿಲ್ಲಿಸುವುದಕ್ಕೆ ಬೇರೆಯೇ ಒಂದು ಬ್ರೇಕು, ಎಂಜಿನು ಆರಿಸಲು ಕೈಗೆಟುಕುವ ಒಂದು ಸ್ವಿಚ್ಚು ಇರಲಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ. ದೋಸೆಯ ಕಾವಲಿಗೆ ನಾವು ನೀರು ಚಿಮುಕಿಸುತ್ತೇವೆ, ಕೊಡ ಸುರಿಯುವುದಿಲ್ಲ. ಸುರಿದರೆ ಎರಕದ ಕಬ್ಬಿಣ ಬಿರಿಯುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬೇಡಿ. ಕಾಫಿ ಬಾಯ್ಲರಿನ ಹಬೆ ತಗುಲಿದ ಕೈಗಳು ಈ ಸಭೆಯಲ್ಲೇ ಇವೆ.

ಇನ್ನೊಂದು ಮಾತು ಮರೆಯಬಾರದು. ಗುಜರಿಯಿಂದ ತಂದ ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರು ತರಬಲ್ಲದು. ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಉಜ್ಜಿ ತೆಗೆಯಲೂ ಬೇಡಿ. ಅದನ್ನು ಒದ್ದೆ ಮಾಡಿ ಕಳಚಿ, ಚೀಲದಲ್ಲಿ ಕಟ್ಟಿಡಿ. ಕಲ್ನಾರಿಲ್ಲದ ಹೊಸ ಲೈನಿಂಗು ಕೊಳ್ಳಿ. ಅದರ ಖರ್ಚನ್ನು ಸಂಘ ಕೊಡಬೇಕೆಂದು ಈ ಸಭೆಯನ್ನು ಕೇಳುತ್ತೇವೆ.

ಖಾಲಿ ಮೈದಾನದಲ್ಲಿ, ಮೂಟೆಯಿಲ್ಲದೆ ಮೊದಲು, ಮೂಟೆಯಿಟ್ಟು ಆಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಗಾಡಿಯನ್ನು ಓಡಿಸಿ ನೋಡೋಣ. ಗಂಟೆಗಟ್ಟಲೆ ತಿರುಗಿಸಿದ ಮೇಲೂ ಬ್ರೇಕು ಹಿಡಿದರೆ ಕೊಡೋಣ. ಅಲ್ಲಿಯವರೆಗೆ ಮಾಲೀಕರು ಕಾಯಲಿ. ಹಾಗೆಂದು ಅವರಿಗೆ ಹೇಳಲು ಹುಡುಗರನ್ನು ಮಾತ್ರ ಕಳಿಸುವುದು ಬೇಡ. ನಾಳೆ ಬೆಳಿಗ್ಗೆ ನಾವೆಲ್ಲ ಜೊತೆಗೆ ಹೋಗೋಣ.